ಹದಿನೇಳನೆಯ ತುಂಡು

ನಮ್ಮ ಮನೆಯಲ್ಲಿ ಚಹಾದ ಪಾತ್ರೆಯನ್ನು ಒಲೆಯಿಂದ ಇಳಿಸಲು ಒಂದು ಕಪ್ಪು ಉಣ್ಣೆಯ ತುಂಡು ಇದೆ. ಉದ್ದ ನಾಲ್ಕು ಇಂಚು. ಅಗಲ ನಾಲ್ಕು ಇಂಚಿಗೆ ಎರಡು ಎಳೆ ಕಡಿಮೆ. ನಡುವೆ ಹೆಣ್ಣುಮಗಳ ಜಡೆಯಂಥದೊಂದು ಹೆಣಿಗೆ ಕೆಳಗಿನಿಂದ ಮೇಲಕ್ಕೆ ಹೋಗಿದೆ. ಮೂರನೆಯ ತಿರುವಿನಲ್ಲಿ ಎಡಕ್ಕೆ ಹೋಗುವ ಬದಲು ಬಲಕ್ಕೆ ಹೊರಳಿ, ಮತ್ತೆ ಬುದ್ಧಿ ಬಂದು ಎಡಕ್ಕೆ ಬಂದಿದೆ. ಮನೆಗೆ ಬಂದವರು ಅದನ್ನು ಮಸಿ ಅರಿವೆ ಎಂದುಕೊಳ್ಳುತ್ತಾರೆ. ನಾನು ತಿದ್ದುವುದಿಲ್ಲ. ನಿಮಗಾದರೆ ಹೇಳಬಹುದು. ಅದು ಮಸಿ ಅರಿವೆಯಲ್ಲ, ಹದಿನೇಳನೆಯ ತುಂಡು.

ಇಂಚು, ಎಳೆ ಎಂದು ಶುರುಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಾನು ಮೂವತ್ತನಾಲ್ಕು ವರ್ಷ ಜನರ ಹೊಲ ಅಳೆದವನು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ನಾಲ್ಕೂ ತಾಲೂಕಿನ ಬಾಂದಗಲ್ಲುಗಳಿಗೆ ನನ್ನ ಪರಿಚಯವಿದೆ. ನಿವೃತ್ತಿಯಾಗಿ ಕುಷ್ಟಗಿಯಲ್ಲಿ ನೆಲೆಸಿದ ಮೇಲೂ ಅಳೆಯುವ ಚಟ ಹೋಗಿಲ್ಲ. ಮದುವೆಗೆ ಹೋದರೆ ಮಂಟಪ ಎಷ್ಟು ಹೆಜ್ಜೆ ಎಂದು ನೋಡುತ್ತೇನೆ. ಊಟಕ್ಕೆ ಕುಳಿತಾಗ ರೊಟ್ಟಿ ಒಂದು ಕಡೆ ದಪ್ಪವಾಗಿದ್ದರೆ ಬಾಯಿ ತಪ್ಪಿ ಹೇಳಿಬಿಡುತ್ತೇನೆ. ಆ ಹೊತ್ತು ನನ್ನ ಹೆಂಡತಿ ಸರೋಜ ಎರಡನೆಯ ರೊಟ್ಟಿಯನ್ನು ತಟ್ಟೆಗೆ ಇಡುವ ರೀತಿಯೇ ಬೇರೆ ಇರುತ್ತದೆ.

ಇಂಥ ಮನುಷ್ಯ ಉಲನ್ ಕಡ್ಡಿ ಹಿಡಿದು ಹೆಣೆಯಲು ಕುಳಿತನೆಂದರೆ, ಅದೂ ಕುಷ್ಟಗಿಯಲ್ಲಿ, ಜನ ನಗದೆ ಏನು ಮಾಡಿಯಾರು? ಕುಷ್ಟಗಿಯಲ್ಲಿ ಚಳಿ ಎನ್ನುವುದು ದೂರದ ನೆಂಟರ ಹಾಗೆ. ಸಂಕ್ರಾಂತಿಗೆ ಎರಡು ವಾರ ಮುಂಚೆ ಬಂದು, ಎಳ್ಳುಬೆಲ್ಲ ತಿಂದು ಹೊರಟುಬಿಡುತ್ತದೆ. ಉಳಿದ ದಿನ ಮೈಮೇಲೆ ಬನಿಯನ್ನೇ ಭಾರ.

ಆದದ್ದು ಹೀಗೆ. ಒಂದು ಮುಂಜಾನೆ ನಾನು ತಾವರಗೇರಾದಿಂದ ಸ್ಕೂಟರಿನ ಮೇಲೆ ಬರುತ್ತಿದ್ದೆ. ವೇಗ ಇಪ್ಪತ್ತೈದು. ಎಡಗಡೆ ದಾಳಿಂಬೆ ತೋಟ, ಬಲಗಡೆ ಕಡಲೆ ಹೊಲ. ಮುಂದೆ ಒಂದು ಕುರಿಹಿಂಡು ರಸ್ತೆ ದಾಟುತ್ತಿತ್ತು. ನಾನು ನಿಂತೆ. ಮೊದಲಿನವು ದಾಟಿದವು, ನಡುವಿನವು ದಾಟಿದವು, ಕೊನೆಯದೂ ದಾಟಿತು. ನಾನು ಹೊರಟೆ. ಅಷ್ಟರಲ್ಲಿ ದಾಟಿಹೋದ ಒಂದು ಕುರಿಗೆ ಏನು ನೆನಪಾಯಿತೋ, ತಿರುಗಿ ಓಡಿಬಂತು.

ಸ್ಕೂಟರ್ ಎಡಕ್ಕೆ ಹೋಯಿತು, ನಾನು ಬಲಕ್ಕೆ. ಊರಿದ್ದು ಬಲಗೈ. ಕುರಿ ನಿಂತು ನನ್ನನ್ನು ನೋಡಿತು. ಕುರುಬರ ಬೀರಪ್ಪ ಬಡಿಗೆ ಎಸೆದು ಓಡಿಬಂದು, ಮೊದಲು ಹೇಳಿದ ಮಾತು, “ಗಾಬರಿ ಆಗಬ್ಯಾಡ್ರಿ ಯಜಮಾನ್ರ, ಕುರಿಗೆ ಏನೂ ಆಗಿಲ್ಲ.” ಆಮೇಲೆ ನನ್ನ ಕೈ ನೋಡಿ, ತಲೆಯ ರುಮಾಲು ಬಿಚ್ಚಿ ಕೈಗೆ ಸುತ್ತಿ, ಒಂದು ಆಟೋ ನಿಲ್ಲಿಸಿ ಕೂರಿಸಿ ಕಳಿಸಿದ. ಇದನ್ನೀಗ ಹಗುರಾಗಿ ಹೇಳುತ್ತಿದ್ದೇನೆ. ಆಗ ಹಗುರಾಗಿರಲಿಲ್ಲ. ಮಣಿಕಟ್ಟಿನಿಂದ ಬಂದ ಸದ್ದು ಒಣಗಿದ ತೊಗರಿಕಟ್ಟಿಗೆ ಮುರಿದ ಹಾಗಿತ್ತು. ಈಗಲೂ ಯಾರಾದರೂ ಒಲೆಗೆ ಕಟ್ಟಿಗೆ ಮುರಿದರೆ ನಾನು ಒಳಗಿನ ಕೋಣೆಗೆ ಹೋಗುತ್ತೇನೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಬಂತು, ಆದರೆ ಪೂರ್ತಿ ಬರಲಿಲ್ಲ. ಹೆಬ್ಬೆರಳು, ತೋರುಬೆರಳು ಅರ್ಧಕ್ಕೆ ಮಡಚಿ ನಿಲ್ಲುತ್ತಿದ್ದವು. ಜೊತೆಗೆ ಒಂದು ನಡುಕ. ನೋವೇನೂ ಇಲ್ಲ. ಸುಮ್ಮನಿದ್ದರೆ ಗೊತ್ತೂ ಆಗುವುದಿಲ್ಲ. ಆದರೆ ಏನಾದರೂ ಸಣ್ಣದು ಹಿಡಿದರೆ ಕೈ ತನ್ನ ಸುದ್ದಿ ಹೇಳಿಕೊಳ್ಳುತ್ತದೆ.

ಮಲ್ಲಣ್ಣನ ಅಂಗಡಿಯಲ್ಲಿ ಅದು ಎಲ್ಲರೆದುರು ಹೇಳಿಕೊಂಡಿತು. ಮಲ್ಲಣ್ಣ ನನ್ನ ಹಳೆಯ ಗೆಳೆಯ; ಬೀಜ ಗೊಬ್ಬರದ ಅಂಗಡಿ, ಹಿಂದೆಯೇ ಮನೆ. ದಿನಾ ನಾಲ್ಕು ಗಂಟೆಗೆ ಒಳಗಿನಿಂದ ಚಹಾ ಬರುತ್ತದೆ, ಪಿಂಗಾಣಿಯ ಕಪ್ಪಿನಲ್ಲಿ, ಕೆಳಗೆ ಬಸಿ ಎನ್ನುವ ಪುಟ್ಟ ತಟ್ಟೆಯ ಸಮೇತ. ಪ್ಲಾಸ್ಟರ್ ಬಿಚ್ಚಿದ ಮೂರನೆಯ ದಿನ ನಾನು ಅಲ್ಲಿಗೆ ಹೋಗಿ ಬಸಿ ಹಿಡಿದೆ. ಕಪ್ಪು ಬಸಿಯ ಮೇಲೆ ಕುಣಿಯತೊಡಗಿತು. ಸದ್ದು ಜೋರಾಗಿಯೇನೂ ಇರಲಿಲ್ಲ. ಆದರೆ ನಾಲ್ಕು ಮಂದಿ ಮಾತು ನಿಲ್ಲಿಸಿದರು. ಅರ್ಧ ಚಹಾ ಬಸಿಗೆ ಬಿತ್ತು. ಮಲ್ಲಣ್ಣ ಎದ್ದು ಕಪ್ಪು ಹಿಡಿಯಲು ಬಂದ. ಆ ಬಂದದ್ದೇ ನನಗೆ ತಡೆಯಲಾಗಲಿಲ್ಲ.

“ಚಹಾ ಬಿಟ್ಟೀನೋ ಮಾರಾಯ,” ಎಂದೆ, “ಪಿತ್ತ ಆಗತೈತಿ.”

ಸುಳ್ಳು. ನಲವತ್ತು ವರ್ಷ ದಿನಕ್ಕೆ ಐದು ಕಪ್ಪು ಕುಡಿದವನಿಗೆ ಎಲ್ಲಿಯ ಪಿತ್ತ? ಅಂದಿನಿಂದ ನಾಲ್ಕು ಗಂಟೆಗೆ ಆ ಬೀದಿಗೇ ಹೋಗಲಿಲ್ಲ. ಮನೆಯಲ್ಲಿ ಅಡುಗೆಮನೆಯ ಮೂಲೆಯಲ್ಲಿ ನಿಂತು, ಎರಡೂ ಕೈಯಲ್ಲಿ ಸ್ಟೀಲಿನ ಲೋಟ ಹಿಡಿದು ಕುಡಿಯುತ್ತಿದ್ದೆ, ಕದ್ದು ಬೆಲ್ಲ ತಿನ್ನುವವನ ಹಾಗೆ. ನನಗೆ ತಿಳಿಯಬೇಕಾಗಿದ್ದದ್ದು ಒಂದೇ. ಈ ಕೈ ನನ್ನದಾಗಿ ಮರಳಿ ಬರುತ್ತದೋ ಇಲ್ಲವೋ.

ಗಂಗಾವತಿಯಲ್ಲಿ ಕೈಕಾಲಿನ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಒಬ್ಬರಿದ್ದಾರೆ. ಚಿಕ್ಕ ವಯಸ್ಸು, ದೊಡ್ಡ ಧ್ವನಿ. ಅವರು ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ನಾಲ್ಕು ದಿನ ಹಿಚುಕಿದೆ. ಐದನೆಯ ದಿನ ಅದು ಮಂಚದ ಕೆಳಗೆ ಉರುಳಿಹೋಯಿತು; ನಾನು ಹುಡುಕಲಿಲ್ಲ. ಮುಂದಿನ ಸಲ ಹೋದಾಗ ಅದನ್ನು ಒಪ್ಪಿಕೊಂಡೆ.

“ಚೆಂಡು ಬ್ಯಾಸರಾದ್ರ ಬ್ಯಾರೆ ಏನರ ಹಿಡೀರಿ,” ಎಂದರು. “ಬೆರಳಿನ ಕೆಲಸ ಇರಬೇಕು. ದಿನಾ ಮಾಡಬೇಕು. ಆರು ತಿಂಗಳಿಗೆ ನೋಡೂಣು, ಎಷ್ಟ ಬರತೈತಿ ಅಂತ.”

ಪಕ್ಕದಲ್ಲಿ ಕುಳಿತಿದ್ದ ಸರೋಜ ಕೇಳಿಸಿಕೊಂಡಳು. ಮನೆಗೆ ಬಂದು ಟ್ರಂಕಿನ ತಳದಿಂದ ಹಳೆಯ ದಿಂಬಿನ ಚೀಲವೊಂದನ್ನು ತೆಗೆದಳು. ಅದರಲ್ಲಿ ಎರಡು ಉಲನ್ ಕಡ್ಡಿ, ಒಂದಿಷ್ಟು ಹಳೆಯ ದಾರ. ಶಿಕ್ಷಕಿಯರ ತರಬೇತಿಗೆ ಹೋಗಿದ್ದಾಗ ಹಾಸ್ಟೆಲಿನಲ್ಲಿ ಅವಳು ಹೆಣಿಗೆ ಕಲಿತಿದ್ದಳಂತೆ. ಮದುವೆಯಾಗಿ ಮೂವತ್ತೈದು ವರ್ಷವಾದರೂ ನನಗೆ ಗೊತ್ತಿರಲಿಲ್ಲ.

“ಯಾಕ ಹೇಳಿಲ್ಲ?”

“ಕುಷ್ಟಗ್ಯಾಗ ಸ್ವೆಟರ್ ಹೆಣೀತೀನಿ ಅಂದ್ರ ನಿಮ್ಮವ್ವ ನನ್ನ ತವರಿಗೆ ಕಳಸ್ತಿದ್ರು. ಹಿಡೀರಿ ಕಡ್ಡಿ.”

ಹೆಣಿಗೆಯಲ್ಲಿ ಇರುವುದು ಎರಡೇ ಸಂಗತಿ, ಸೀದಾ ಮತ್ತು ಉಲ್ಟಾ. ಕಡ್ಡಿಯ ಮೇಲಿನ ಪ್ರತಿಯೊಂದು ಕುಣಿಕೆಗೂ ಕಣ್ಣು ಎನ್ನುತ್ತಾರೆ. ಕಣ್ಣಿನೊಳಗೆ ಮುಂದಿನಿಂದ ಕಡ್ಡಿ ಹಾಕಿ ದಾರ ಎಳೆದರೆ ಸೀದಾ, ಹಿಂದಿನಿಂದ ಎಳೆದರೆ ಉಲ್ಟಾ. ಜಗತ್ತಿನ ಎಲ್ಲ ನಕ್ಷೆಗಳೂ ಈ ಎರಡರಿಂದಲೇ ಆದದ್ದು ಎಂದು ಸರೋಜ ಹೇಳಿದಳು. ಸುಲಭವಿದೆಯಲ್ಲ ಎಂದೆ. ಆ ಮಾತನ್ನು ಅವಳು ಇನ್ನೂ ಮರೆತಿಲ್ಲ.

ಮೊದಲನೆಯ ತುಂಡನ್ನು ಇಪ್ಪತ್ತು ಕಣ್ಣಿನಿಂದ ಶುರುಮಾಡಿದೆ. ಇಪ್ಪತ್ತು ಸಾಲು ಮುಗಿಸಿ ಎಣಿಸಿದರೆ ಇಪ್ಪತ್ತೇಳು ಕಣ್ಣು. ಮತ್ತೆ ಎಣಿಸಿದೆ, ಇಪ್ಪತ್ತೇಳೇ. ಎರಡೂ ಬದಿಯಲ್ಲಿ ತುಂಡು ಉಬ್ಬಿಕೊಂಡು, ನಡುನಡುವೆ ತೂತು ಬಿದ್ದು, ಇಲಿ ಕಡಿದ ಚೀಲದ ಹಾಗೆ ಕಾಣುತ್ತಿತ್ತು. ಜೀವನವಿಡೀ ಇನ್ನೊಬ್ಬರ ಒತ್ತುವರಿ ಹಿಡಿದವನು ನಾನು. ನನ್ನ ಕೈಯಲ್ಲೇ ನಾಲ್ಕು ಇಂಚಿನ ಹೊಲ ಎರಡೂ ಕಡೆ ಒತ್ತುವರಿ ಮಾಡಿಕೊಂಡಿತ್ತು.

“ಬಿಚ್ಚಲೇನು?” ಎಂದಳು ಸರೋಜ.

“ಬ್ಯಾಡ,” ಎಂದೆ. “ಅದು ಮೊದಲಿನ ಅಳತಿ. ಇರ್ಲಿ.”

ಅಂದೇ ಒಂದು ನಿಯಮ ಮಾಡಿಕೊಂಡೆ. ಸ್ವೆಟರ್ ಇಲ್ಲ, ಟೋಪಿ ಇಲ್ಲ, ಕಾಲುಚೀಲ ಇಲ್ಲ. ನಾಲ್ಕು ಇಂಚಿನ ತುಂಡು ಮಾತ್ರ. ಒಂದೊಂದರಲ್ಲಿ ಒಂದೊಂದು ಬಗೆ. ಮುಗಿದ ಮೇಲೆ ಪ್ರತಿ ತುಂಡಿಗೂ ಒಂದು ಚೀಟಿ ಕಟ್ಟಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುವುದು. ಚೀಟಿಯಲ್ಲಿ ಸಂಖ್ಯೆ, ತಾರೀಖು, ತಪ್ಪಿದ ಕಣ್ಣುಗಳ ಲೆಕ್ಕ. ಆರು ತಿಂಗಳಾದ ಮೇಲೆ ಎಲ್ಲವನ್ನೂ ಸಾಲಾಗಿ ಜೋಡಿಸಿದರೆ ಕೈ ಬರುತ್ತಿದೆಯೋ ಇಲ್ಲವೋ ಎಂದು ಯಾರ ಬಾಯಿ ಮಾತೂ ಬೇಕಾಗುವುದಿಲ್ಲ. ಡಾಕ್ಟರಮ್ಮನಿಗೆ ಹೇಳಿದಾಗ ಅವರೂ ಒಪ್ಪಿದರು. “ತರ್ರಿ, ನೋಡೇಬಿಡೂಣು,” ಎಂದರು.

ಮನೆಯಲ್ಲಿದ್ದ ಹಳೆಯ ದಾರ ಮುಗಿದಾಗ ಪೇಟೆಗೆ ಹೋದೆ. ನಮ್ಮ ಕಡೆ ಬಣ್ಣದ ಉಲನ್ ಸಿಗುವುದು ಬಾಗಿಲ ತೋರಣದ ಸಾಮಾನು, ಎತ್ತಿನ ಹಣೆಪಟ್ಟಿ, ಗೆಜ್ಜೆ ಮಾರುವ ಅಂಗಡಿಯಲ್ಲಿ. ಹಳದಿ, ಕೆಂಪು, ಹಸಿರು, ಮತ್ತೊಂದು ಗುಲಾಬಿ ಕೊಡು ಎಂದೆ. ಅಂಗಡಿಯವನು ಉಂಡೆಗಳನ್ನು ಕಾಗದದಲ್ಲಿ ಸುತ್ತುತ್ತ ಕೇಳಿದ, “ಎತ್ತು ಎಷ್ಟು ಅದಾವ್ರಿ?”

“ಎತ್ತಿಲ್ಲಪಾ.”

“ಮತ್ತ ಗೊಂಡೆ ಯಾರಿಗ್ರಿ?”

ನನಗೇ ಎಂದು ಹೇಳಬೇಕೆಂದಿದ್ದೆ. ಹಿಂದೆ ಇಬ್ಬರು ನಿಂತಿದ್ದರು, ದುಡ್ಡು ಕೊಟ್ಟು ಬಂದೆ.

ಇನ್ನು ನಕ್ಷೆಗಳ ವಿಷಯ. ಕೆಲವನ್ನು ಸರೋಜ ಕಲಿಸಿದಳು. ಉಳಿದವನ್ನು ಫೋನಿನಲ್ಲಿ ಕಲಿತೆ. ಯಾವ ದೇಶದವಳೋ ಒಬ್ಬ ಹೆಂಗಸು, ಮುಖ ಕಾಣಿಸುವುದಿಲ್ಲ, ಎರಡು ಕೈ ಮಾತ್ರ. ಅವಳ ಮಾತು ನನಗೆ ತಿಳಿಯುವುದಿಲ್ಲವಾದ್ದರಿಂದ ದನಿ ಬಂದ್ ಮಾಡಿ ನೋಡುತ್ತಿದ್ದೆ. ಆ ಕೈಗಳಿಗೆ ಅವಸರವೇ ಇಲ್ಲ. ಎಷ್ಟು ಸಲ ಹಿಂದಕ್ಕೆ ಎಳೆದರೂ ಬೇಸರಿಸದೆ ಅದೇ ಕಣ್ಣನ್ನು ಅದೇ ರೀತಿ ಹೆಣೆದು ತೋರಿಸುತ್ತವೆ. “ಆಕಿ ಕೈಯಾಗ ಬಳಿ ಇಲ್ಲ ನೋಡ್ರಿ,” ಎಂದು ಸರೋಜ ಹಿಂದಿನಿಂದ ಹೇಳಿದಳು. ಅದಾದ ಮೇಲೆ ನಾನು ಫೋನನ್ನು ಅವಳಿಗೂ ಕಾಣುವಂತೆ ಇಟ್ಟುಕೊಂಡು ಕೂರುತ್ತಿದ್ದೆ.

ಆ ನಕ್ಷೆಗಳಿಗೆಲ್ಲ ಅಲ್ಲಿ ಏನು ಹೆಸರೋ. ನಾನು ನಮ್ಮ ಹೆಸರು ಇಟ್ಟೆ. ಒಂದು ಸೀದಾ ಒಂದು ಉಲ್ಟಾ, ಮುಂದಿನ ಸಾಲಿನಲ್ಲಿ ಅದಲುಬದಲು ಮಾಡಿದರೆ ಮೈತುಂಬ ಕಾಳು ಏಳುತ್ತದೆ. ಅದು ಜೋಳದ ಕಾಳು. ಎರಡು ಸೀದಾ ಎರಡು ಉಲ್ಟಾ ಹಾಕಿ ಸಾಲಿನ ಮೇಲೆ ಸಾಲು ಹೋದರೆ ನೇಗಿಲ ಸಾಲು. ನಾಲ್ಕು ನಾಲ್ಕರ ಚೌಕ ಮಾಡಿದರೆ ಬುಟ್ಟಿ. ಬರೀ ಸೀದಾ ಹೋಗಿ ಬರೀ ಉಲ್ಟಾ ಬಂದರೆ ತುಂಡು ನುಣುಪಾಗಿ ಬರುತ್ತದೆ, ಆದರೆ ಕಡ್ಡಿಯಿಂದ ಇಳಿಸಿದ ಕೂಡಲೇ ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಅದಕ್ಕೆ ಹಪ್ಪಳವೆಂದೇ ಹೆಸರು. ಒಂದೇ ಕಣ್ಣಿನಲ್ಲಿ ಐದು ಕಣ್ಣು ಎಬ್ಬಿಸಿ ಮತ್ತೆ ಒಂದು ಮಾಡಿದರೆ ಉಬ್ಬಿದ ಗುಂಡು ಬರುತ್ತದೆ. ಕೆಂಪು ದಾರದಲ್ಲಿ ಮಾಡಿದ್ದರಿಂದ ಅದು ದಾಳಿಂಬೆ.

ಎಲ್ಲಕ್ಕಿಂತ ನನ್ನನ್ನು ಬೆರಗು ಮಾಡಿದ್ದು ಜಾಳಿಗೆ. ಅದರಲ್ಲಿ ಬೇಕೆಂದೇ ದಾರವನ್ನು ಕಡ್ಡಿಯ ಮೇಲೆ ಹಾಯಿಸಿ ಒಂದು ಹೊಸ ಕಣ್ಣು ಮಾಡುತ್ತಾರೆ. ಆ ಜಾಗದಲ್ಲಿ ತೂತು ಬೀಳುತ್ತದೆ. ಆಮೇಲೆ ಪಕ್ಕದ ಎರಡು ಕಣ್ಣನ್ನು ಒಂದು ಮಾಡಿ ಲೆಕ್ಕ ಸರಿಪಡಿಸುತ್ತಾರೆ. ಇದನ್ನು ಫೋನಿನಲ್ಲಿ ನೋಡಿದವನೇ ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿಯಿಂದ ಮೊದಲನೆಯ ತುಂಡು ತೆಗೆದು ನೋಡಿದೆ. ಅಂದು ನನಗೆ ಗೊತ್ತಿಲ್ಲದೆ ಬಿದ್ದ ಏಳು ತೂತು ಹೀಗೆಯೇ ಬಿದ್ದದ್ದು. ದಾರ ಹಿಂದೆ ಮುಂದೆ ಮಾಡುವಾಗ ಕಡ್ಡಿಯ ಮೇಲೆ ಹಾಯ್ದು ಹೋಗಿತ್ತು. ಅಲ್ಲಿ ತಪ್ಪು, ಇಲ್ಲಿ ಹೂವು. ವ್ಯತ್ಯಾಸ ಇಷ್ಟೇ: ಇಲ್ಲಿ ಪ್ರತಿ ಸಾಲಿನಲ್ಲೂ ಹೇಳಿದ ಜಾಗದಲ್ಲೇ ತೂತು ಬೀಳುತ್ತದೆ.

ಊರು ಸುಮ್ಮನಿರಲಿಲ್ಲ. ಪಡಸಾಲೆಯಲ್ಲಿ ಬೆಳಕು ಚೆನ್ನಾಗಿರುವುದರಿಂದ ನಾನು ಅಲ್ಲಿಯೇ ಕೂರುತ್ತಿದ್ದೆ. ಒಂದು ದಿನ ಮಲ್ಲಣ್ಣ ಬಂದ. ನಾನು ಹೋಗದಿದ್ದರೆ ಅವನು ಬರುತ್ತಾನೆ. ಅದು ಅವನ ಗುಣ. ಹಳದಿ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದ.

“ಏನೋ ಇದು?”

“ತುಂಡು.”

“ಅದು ಕಾಣಸ್ತೈತಿ. ಯಾರಿಗೆ?”

“ಯಾರಿಗೂ ಅಲ್ಲ.”

“ಗುಬ್ಬಿಗೆ ಅಂಗಿ ಹೊಲಿಯಾಕತ್ತಿ ಏನು? ಸರ್ವೇ ಮಾಡೂದು ಬಿಟ್ಟ ಮ್ಯಾಲ ಮನಷ್ಯಾ ಎಲ್ಲಿಗೆ ಬಂದಾನ ನೋಡ್ರಿ ತಂಗೀ,” ಎಂದು ಸರೋಜಳ ಕಡೆ ತಿರುಗಿದ. “ಚಹಾನೂ ಬಿಟ್ಟಾನ, ಗಂಡಸ್ತನಾನೂ ಬಿಟ್ಟಾನ.”

“ನಿಮಗ ಹಾಕ್ಲೇನ್ರಿ ಅಣ್ಣಾ ಚಹಾ?” ಎಂದಳು ಅವಳು. ಅವನು ನನ್ನೆದುರೇ ಕುಳಿತು, ಸೊರ್ ಎಂದು ಸದ್ದು ಮಾಡಿ, ಒಂದು ಕಪ್ಪು ಕುಡಿದು ಹೋದ. ವಾಸನೆಗೆ ನನ್ನ ಐದು ಕಣ್ಣು ತಪ್ಪಿದವು. ಚೀಟಿಯಲ್ಲಿ ಬರೆದಿಟ್ಟೆ.

ನಗದೇ ಇದ್ದವನು ಒಬ್ಬನೇ, ಕುರುಬರ ಬೀರಪ್ಪ. ಕೈ ಹೇಗಿದೆ ನೋಡಿ ಹೋಗಲು ಸಂತೆಯ ದಿನ ಬಂದಿದ್ದ. ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತ. ಇವನೂ ಶುರುಮಾಡಿದ ಎಂದುಕೊಂಡೆ.

“ನಮ್ಮಜ್ಜ ಕುರಿ ಹಿಂದ ನಡಕೋತ ನೂಲತಿದ್ದನ್ರಿ,” ಎಂದ. “ಕೈಯಾಗ ಕದರು, ಬಗಲಾಗ ಉಣ್ಣಿ. ತಾವರಗೇರಾದಿಂದ ಇಲ್ಲೀಮಟ ಬರೂದ್ರಾಗ ಒಂದು ಉಂಡಿ ಆಗತಿತ್ತು.”

ಅವನು ಹೇಳಿದ್ದೇ ತಡ, ನನ್ನ ಬಾಲ್ಯದ ದಾರಿಗಳೆಲ್ಲ ನೆನಪಾದವು. ಹೌದು, ನಾನೂ ಕಂಡಿದ್ದೆ. ನಮ್ಮ ಹಳ್ಳಿಯ ಬಯಲಿನಲ್ಲಿ ಕುರಿಗಳ ಹಿಂದೆ ದೊಡ್ಡ ಮೀಸೆಯ ಗಂಡಸರು ತೊಡೆಗೆ ಕದಿರು ಹೊಡೆದು ತಿರುಗಿಸುತ್ತ ನಡೆಯುತ್ತಿದ್ದರು. ದಾರ ಹರಿದರೆ ನಿಂತು ಉಗುಳು ಹಚ್ಚಿ ಹೊಸೆದು ಮುಂದೆ ಹೋಗುತ್ತಿದ್ದರು. ಮಳೆ ಬಂದರೆ ಅದೇ ಉಣ್ಣೆಯ ಕಂಬಳಿಯನ್ನು ತಲೆಗೆ ಕೊಪ್ಪೆ ಹಾಕಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು. ತೊಯ್ದ ಕಂಬಳಿಯ ವಾಸನೆ ಮೂರು ದಿನ ಹೋಗುತ್ತಿರಲಿಲ್ಲ. ನಮ್ಮವ್ವ ಬೈಯುತ್ತಲೇ ಬಿಸಿ ರೊಟ್ಟಿ ಕೊಡುತ್ತಿದ್ದಳು. ಆ ಮೀಸೆಗಳನ್ನು ನೋಡಿ ಯಾರೂ ಗಂಡಸ್ತನದ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಮುಂದಿನ ಸಂತೆಗೆ ಬೀರಪ್ಪ ಒಂದು ಕಪ್ಪು ಉಂಡೆ ತಂದುಕೊಟ್ಟ. “ನಮ್ಮವ್ವ ನೂತದ್ರಿ. ಚುಚ್ಚತೈತಿ, ಆದ್ರ ಹರಿಯಂಗಿಲ್ಲ.” ಅದರಲ್ಲಿ ಮಾಡಿದ್ದೇ ಹದಿನೇಳನೆಯ ತುಂಡು, ಜಡೆ. ಮೂರು ಕಣ್ಣುಗಳನ್ನು ಇನ್ನೊಂದು ಕಡ್ಡಿಗೆ ಕೂರಿಸಿ ಪಕ್ಕಕ್ಕಿಟ್ಟು, ಮುಂದಿನ ಮೂರನ್ನು ಮೊದಲು ಹೆಣೆದು, ಆಮೇಲೆ ಇವನ್ನು ಹೆಣೆಯಬೇಕು. ಮೂರನೆಯ ಕಡ್ಡಿ ಇಲ್ಲದ್ದರಿಂದ ಕಸಬರಿಗೆಯ ಒಂದು ಕಡ್ಡಿ ಮುರಿದುಕೊಂಡೆ. ಮುರಿದದ್ದು ಸರೋಜ, ಹಿತ್ತಲಲ್ಲಿ ನಿಂತು. ಸದ್ದು ನನಗೆ ಕೇಳದಿರಲೆಂದು.

ಹೊಸ ದಾರ ಗಟ್ಟಿ ಇದೆ, ಕೈ ಸುಡುವುದಿಲ್ಲ ಎಂದು ಅವಳು ಆ ತುಂಡನ್ನು ಚಹಾದ ಪಾತ್ರೆ ಹಿಡಿಯಲು ಒಯ್ದಳು. ದಾಖಲೆ ಅದು, ಕೊಡು ಎಂದೆ. ಅಂಗಡಿಯ ಉಲನ್ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ, ಇದು ಕರಗುವುದಿಲ್ಲ, ಬೇಕಾದಾಗ ತೆಗೆದುಕೊಂಡು ಹೋಗಿ ಎಂದಳು. ಹೀಗೆ ಅದೊಂದು ಡಬ್ಬಿಯ ಹೊರಗೆ ಉಳಿಯಿತು.

ಆರು ತಿಂಗಳಿಗೆ ಹತ್ತು ದಿನ ಇರುವಾಗ ಇಪ್ಪತ್ತನಾಲ್ಕನೆಯ ತುಂಡು ಮುಗಿಯಿತು. ಅಡುಗೆಮನೆಯಲ್ಲಿ ಒಂದು, ಬಿಸ್ಕತ್ತಿನ ಡಬ್ಬಿಯಲ್ಲಿ ಇಪ್ಪತ್ಮೂರು. ಗಂಗಾವತಿಯಲ್ಲಿ ಸರೋಜಳ ಅಕ್ಕನ ಮನೆಯ ಗೃಹಪ್ರವೇಶವಿತ್ತು. ಎರಡು ದಿನಕ್ಕೆಂದು ಹೋದೆವು. ಕೀಲಿಯನ್ನು ಶಂಕ್ರಕ್ಕನಿಗೆ ಕೊಟ್ಟೆವು.

ಶಂಕ್ರಕ್ಕ ನಮ್ಮ ಓಣಿಯ ಕೌದಿ ಹೊಲಿಯುವವಳು. ಎಪ್ಪತ್ತರ ಮೇಲೆ ವಯಸ್ಸು. ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂರಿಸಿ, ಅಂಚಿನಿಂದ ಒಳಗೆ ಸುತ್ತುತ್ತ ಸುತ್ತುತ್ತ ಸಣ್ಣ ಹೊಲಿಗೆ ಹಾಕಿಕೊಂಡು ಬರುತ್ತಾಳೆ. ಕಣ್ಣು ಮಂಜಾಗಿದೆ, ಹೊಲಿಗೆಯನ್ನು ಬೆರಳಿನಿಂದಲೇ ನೋಡುತ್ತಾಳೆ. ಅವಳಿಗೆ ಆಗದ ಕೆಲಸ ಒಂದೇ, ಸೂಜಿಗೆ ದಾರ ಪೋಣಿಸುವುದು. ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆದು ಸೂಜಿ ಚಾಚುತ್ತಾಳೆ. ಒಮ್ಮೆ ನನಗೂ ಚಾಚಿದ್ದಳು. ಕನ್ನಡಕ ಮನೆಯಲ್ಲಿದೆ ಎಂದು ಹೇಳಿ ಬಂದಿದ್ದೆ. ಕನ್ನಡಕ ಅಂಗಿಯ ಜೇಬಿನಲ್ಲಿತ್ತು.

ಸರೋಜ ಅವಳಿಗೆ ಕೌದಿಗೆಂದು ಹಳೆಯ ಇಳಕಲ್ ಸೀರೆಗಳ ಗಂಟೊಂದನ್ನು ಕಟ್ಟಿ ಪಡಸಾಲೆಯಲ್ಲಿ ಇಟ್ಟಿದ್ದಳು. ಡಬ್ಬಿಯನ್ನು ಆ ಗಂಟಿನ ಮೇಲೆ ಇಟ್ಟವನು ನಾನು. ಬಸ್ಸಿಗೆ ಹೊತ್ತಾಗಿತ್ತು.

ಮೂರನೆಯ ದಿನ ಬಂದು ನೋಡಿದರೆ ನಮ್ಮ ಪಡಸಾಲೆಯ ತುಂಬ ಕೌದಿ ಹಾಸಿದೆ. ಶಂಕ್ರಕ್ಕ ಅದರ ನಡುವೆ ಕುಳಿತಿದ್ದಾಳೆ. ಹಗಲು ರಾತ್ರಿ ಎನ್ನದೆ ಹೊಲಿದು, ಒಂದು ಮೂಲೆ ಬಿಟ್ಟು ಎಲ್ಲ ಮುಗಿಸಿದ್ದಾಳೆ. ಕೌದಿಯ ತಲೆಯ ಕಡೆ, ಹನ್ನೊಂದು ಹನ್ನೊಂದರ ಎರಡು ಸಾಲಿನಲ್ಲಿ, ನನ್ನ ತುಂಡುಗಳು. ಜೋಳದ ಕಾಳಿನ ಪಕ್ಕ ದಾಳಿಂಬೆ, ದಾಳಿಂಬೆಯ ಪಕ್ಕ ಹಪ್ಪಳ, ಹಪ್ಪಳದ ನಾಲ್ಕೂ ಮೂಲೆ ಬಿಗಿದು ಕೂರಿಸಿ ಸುರುಳಿಯೇ ಹೋಗಿದೆ. ಬಣ್ಣ ನೋಡಿ ಜೋಡಿಸಿದ್ದಾಳೆ. ಒಂದು ಚೀಟಿಯೂ ಇಲ್ಲ.

ನಾನು ಚೀಲ ಕೆಳಗಿಡಲಿಲ್ಲ.

“ಚೀಟಿ ಎಲ್ಲಿ ಅದಾವ ಶಂಕ್ರಕ್ಕಾ?”

“ಅಂಗಡಿ ಚೀಟೇನ್ರಿ ಸಾಹೇಬ್ರ? ಕಿತ್ತು ಒಲಿಗೆ ಹಾಕೀನಿ. ನೀರು ಕಾದ್ವು.”

“ಅದು… ಅದನ್ನ ಯಾರು ಕೌದಿಗೆ ಹಚ್ಚಂದ್ರು?”

ಅವಳು ತಲೆಯೆತ್ತಿ ನನ್ನ ಕಡೆಗೆ, ನನ್ನ ಕಿವಿಯ ಹತ್ತಿರ ಎಲ್ಲಿಯೋ, ನೋಡಿದಳು. “ಸೀರಿ ಗಂಟಿನ ಮ್ಯಾಲ ಇಟ್ಟೀರಿ. ನಾಕು ಮೂಲಿ ಸರಿ ಮಾಡಿ, ಒಂದ ಅಳತಿ ಚೌಕ ಮಾಡಿ ಇಟ್ಟೀರಿ. ಕೌದಿಗಲ್ಲ ಅಂದ್ರ ಮತ್ತ್ಯಾತಕ್ಕ?”

ನಮ್ಮ ಸೀಮೆಯಲ್ಲಿ ಬಟ್ಟೆಯನ್ನು ಒಂದೇ ಅಳತೆಯ ಚೌಕ ಮಾಡಿ ಡಬ್ಬಿಯಲ್ಲಿ ಕೂಡಿಟ್ಟವನು ಕೌದಿಗಲ್ಲದೆ ಬೇರೆ ಯಾವುದಕ್ಕೂ ಕೂಡಿಡಲು ಸಾಧ್ಯವಿಲ್ಲ. ಸಾಕ್ಷಿ ಹೇಳಬೇಕಾದರೆ ನಾನೂ ಹಾಗೆಯೇ ಹೇಳುತ್ತಿದ್ದೆ.

ನಕಲು ಇಟ್ಟಿರಲಿಲ್ಲವೇ ಎಂದು ಕೇಳುತ್ತೀರಿ. ಇಲಾಖೆಯಲ್ಲಿದ್ದಷ್ಟು ದಿನ ನಕಲು ಇಡದ ಕಿರಿಯರ ಮೇಲೆ ಹರಿಹಾಯ್ದವನು ನಾನು. ಇಟ್ಟಿರಲಿಲ್ಲ. ಆ ಕೈಯಿಂದ ಒಂದು ಚೀಟಿ ಬರೆಯುವುದೇ ಅರ್ಧ ಗಂಟೆಯ ಕೆಲಸ. ಎರಡನೆಯದನ್ನು ಬರೆಯುವ ಧೈರ್ಯವಾಗಿರಲಿಲ್ಲ. ಅಕ್ಷರ ಎಷ್ಟು ಸೊಟ್ಟಗಿದ್ದವು ಎನ್ನುವುದೂ ಆ ಚೀಟಿಗಳಲ್ಲೇ ಇತ್ತು. ಆರು ತಿಂಗಳ ಕೈ ಒಲೆಗೆ ಹೋಗಿ ಶಂಕ್ರಕ್ಕನ ಜಳಕದ ನೀರು ಕಾಯಿಸಿತ್ತು.

ಕೈಕಾಲು ತೊಳೆದುಕೊಂಡು ಬಂದು, ಟೇಪು ಮತ್ತು ಪೆನ್ಸಿಲ್ ಹಿಡಿದು ಕೌದಿಯ ಪಕ್ಕ ಮೊಣಕಾಲೂರಿ ಕುಳಿತೆ. ಹೊಲ ಹಾಳಾದರೂ ಗಡಿ ಹುಡುಕಿ ತೆಗೆಯಬಹುದು. ಅದು ನನ್ನ ಕಸುಬು. ಎರಡನೆಯದು ಸಿಕ್ಕಿತು; ಅಂಚು ಹಾವಿನ ಹಾಗಿದೆ. ಮೂರು, ನಾಲ್ಕು, ಐದು ಸಿಕ್ಕವು. ಆರರಲ್ಲಿ ಒಂದು ಕಣ್ಣು ಜಾರಿ ಏಣಿಯಾಗಿದೆ. ಏಳು, ಎಂಟು ಸಿಕ್ಕವು. ಆಮೇಲೆ ನಿಂತುಹೋಯಿತು. ಬುಟ್ಟಿ ಮೊದಲೋ ಜಾಳಿಗೆ ಮೊದಲೋ? ಎರಡು ಹಸಿರು ತುಂಡುಗಳನ್ನು ಅಳೆದೆ. ಎರಡಕ್ಕೂ ಒಂದೇ ಅಳತೆ. ಒಂದು ಹನ್ನೊಂದನೆಯದು, ಇನ್ನೊಂದು ಇಪ್ಪತ್ತೆರಡನೆಯದು ಎಂದಷ್ಟು ಗೊತ್ತು. ಯಾವುದು ಯಾವುದು ಎಂದು ಗೊತ್ತಾಗಲಿಲ್ಲ.

“ಗುರ್ತು ಸಿಗವಲ್ದು,” ಎಂದೆ ಸರೋಜಳಿಗೆ. “ಒಂಬತ್ತರಿಂದ ಮುಂದ ಎಲ್ಲಾ ಒಂದ ನಮೂನಿ ಅದಾವ.”

ಅವಳು ನೀರು ಕುಡಿಯುತ್ತಿದ್ದವಳು ಲೋಟ ಇಳಿಸಿದಳು. “ಒಂದ ನಮೂನಿ ಅಂದ್ರ? ಸೊಟ್ಟ ಒಂದ ನಮೂನ್ಯೋ, ಸೀದಾ ಒಂದ ನಮೂನ್ಯೋ?”

ನಾನು ಮತ್ತೆ ನೋಡಿದೆ. ಪೂರ್ತಿ ಸೀದಾ ಅಲ್ಲ. ಎಲ್ಲದರಲ್ಲೂ ಬಲ ಅಂಚಿನಲ್ಲಿ ಒಂದು ಸಣ್ಣ ಅಲೆ ಇದೆ, ಕೂದಲಿನಷ್ಟು. ಒಂಬತ್ತರ ಆಸುಪಾಸಿನಲ್ಲಿ ಕೈ ಅಷ್ಟು ಮರಳಿ ಬಂದಿದೆ. ಆಮೇಲೆ ಅಲ್ಲಿಯೇ ನಿಂತಿದೆ. ಮೊನ್ನೆ ಮುಗಿಸಿದ ಇಪ್ಪತ್ತನಾಲ್ಕನೆಯದಕ್ಕೂ ಅದೇ ಅಲೆ. ಚೀಟಿಗಳಿದ್ದಿದ್ದರೆ ಒಂದೊಂದರ ತಪ್ಪು ಎಣಿಸುತ್ತ ಕೂತು ಇದನ್ನು ನಾನು ಕಾಣುತ್ತಿರಲಿಲ್ಲವೇನೋ. ಖುಷಿ ಪಡಬೇಕೋ ಬೇಸರ ಪಡಬೇಕೋ ತಿಳಿಯದೆ ಟೇಪು ಮಡಚಿದೆ.

“ಮೊದಲಿಂದು ಎಲ್ಲೈತಿ?” ನೆನಪಾಗಿ ಕೇಳಿದೆ. ಇಪ್ಪತ್ತೆರಡೇ ಇದ್ದವು.

“ಯಾವುದು, ಆ ಹರಕಂದೇನ್ರಿ?” ಶಂಕ್ರಕ್ಕ ಸೆರಗಿನ ಗಂಟಿನಿಂದ ಅದನ್ನು ತೆಗೆದಳು. “ಇದನ್ನ ಮೂಲಿಗೆ ಇಟ್ಟೀನಿ. ರೊಟ್ಟಿ ಚೂರು ತರ್ರಿ ತಂಗೀ.”

ನಮ್ಮ ಕಡೆ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಗಿಸುವುದಿಲ್ಲ. ಕೊನೆಯ ಮೂಲೆ ಹೊಲಿಯುವ ಮುಂಚೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಒಳಗಿಟ್ಟು, ಮೇಲೆ ಒಂದು ತುಂಡು ಮುಚ್ಚಿ ಹೊಲಿಯುತ್ತಾರೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಚಿಕ್ಕವನಿದ್ದಾಗ ನಮ್ಮವ್ವ ಹೊಲಿದ ಕೌದಿಯ ಮೂಲೆ ಬಿಚ್ಚಿ ಹೋಳಿಗೆ ಇದೆಯೋ ಇಲ್ಲವೋ ಪರೀಕ್ಷೆ ಮಾಡಿ ಏಟು ತಿಂದವನು ನಾನು. ಇತ್ತು. ಕಲ್ಲಿನಂತಾಗಿತ್ತು.

“ಛಲೋ ತುಂಡು ಇಪ್ಪತ್ತೆರಡು ಅದಾವ,” ಎಂದೆ, “ಮೂಲಿಗೆ ಇದ ಯಾಕ?”

“ತೂತು ನೋಡ್ರಿ ಎಷ್ಟದಾವ. ಇಷ್ಟ್ರಾಗ ಇದ ಭಾಳ ಹಸದೈತಿ.”

ಸರೋಜ ರೊಟ್ಟಿಯ ಚೂರು ತಂದಳು. ಶಂಕ್ರಕ್ಕ ಸೂಜಿ ನನ್ನ ಕಡೆ ಚಾಚಿದಳು. “ದಾರ ಪೋಣಸ್ರಿ ಸಾಹೇಬ್ರ. ಇವತ್ತು ಕನ್ನಡಕ ಐತಿಲ್ಲೋ?”

ಅಂದರೆ ಅವಳಿಗೆ ಅಂದೇ ಗೊತ್ತಿತ್ತು. ನಾನು ದಾರ ತೆಗೆದುಕೊಂಡೆ. ಸೂಜಿ ಅವಳ ಕೈಯಲ್ಲಿ, ದಾರ ನನ್ನ ಕೈಯಲ್ಲಿ. ಮೊದಲ ಸಲ ತಪ್ಪಿತು. ದಾರದ ತುದಿ ಬಾಯಲ್ಲಿಟ್ಟು ಹಸಿ ಮಾಡಿ ಎರಡನೆಯ ಸಲ ನೋಡಿದೆ. ನಾಲ್ಕನೆಯ ಸಲ ದಾರದ ತುದಿ ಸೂಜಿಯ ಕಣ್ಣಿನ ಸುತ್ತ ಎಲ್ಲ ಕಡೆ ಹೋಗಿ ಬಂತು, ಒಳಗೊಂದು ಬಿಟ್ಟು. ಅವಳ ಕೈಯೂ ಅಲುಗುತ್ತಿತ್ತು. ಆ ವಯಸ್ಸಿಗೆ ಅಲುಗದೆ ಇರುತ್ತದೆಯೇ?

“ಇಬ್ಬರೂ ಕೂಡಿ ಭಾಳ ಛಲೋ ಮಾಡಾಕತ್ತೀರಿ,” ಎಂದು ಸರೋಜ ನಮ್ಮಿಬ್ಬರ ನಡುವಿನಿಂದ ಸೂಜಿ ದಾರ ಎರಡನ್ನೂ ಕಿತ್ತುಕೊಂಡು, ಒಂದೇ ಸಲಕ್ಕೆ ಪೋಣಿಸಿ ಕೊಟ್ಟು, “ಹೋಗ್ರಿ, ನಿಮ್ಮಕ್ಕಗ ಚಹಾ ಮಾಡ್ಕೊಂಡು ಬರ್ರಿ,” ಎಂದಳು.

ಹೋದೆ. ಕುದಿಸಿ, ಹದಿನೇಳನೆಯ ತುಂಡಿನಿಂದ ಪಾತ್ರೆ ಇಳಿಸಿ, ಸೋಸಿದೆ. ಕೈಗೆ ಸಿಕ್ಕದ್ದು ಕಪ್ಪು ಮತ್ತು ಬಸಿ. ಸ್ಟೀಲಿನ ಲೋಟಕ್ಕೆ ಹಾಕೋಣವೆಂದುಕೊಂಡೆ. ಆದರೆ ಮುಚ್ಚಿಡಲು ಇನ್ನೇನು ಉಳಿದಿತ್ತು? ಅಡುಗೆಮನೆಯಿಂದ ಪಡಸಾಲೆಗೆ ಹದಿನಾಲ್ಕು ಹೆಜ್ಜೆ. ಐದನೆಯ ಹೆಜ್ಜೆಗೆ ಕಪ್ಪು ಕುಣಿಯಲು ಶುರುಮಾಡಿತು. ಹದಿನಾಲ್ಕನೆಯದಕ್ಕೆ ಮುಟ್ಟುವಷ್ಟರಲ್ಲಿ ಬಸಿಯಲ್ಲಿ ಅರ್ಧ ಇಂಚು ಚಹಾ ನಿಂತಿತ್ತು.

“ಚೆಲ್ಲೇತಿ ಅಕ್ಕಾ,” ಎಂದೆ. “ತಡಿ, ಬ್ಯಾರೆ ತರ್ತೀನಿ.”

ಶಂಕ್ರಕ್ಕ ಕೈಚಾಚಿ ತಡವಿ ನೋಡಿ, ಕಪ್ಪನ್ನು ಎತ್ತಿ ಪಕ್ಕಕ್ಕಿಟ್ಟಳು. ಬಸಿಯನ್ನು ಎರಡೂ ಕೈಯಲ್ಲಿ ಬಾಯಿಗೆ ಎತ್ತಿ, ಊದಿ, ಸೊರ್ ಎಂದು ಕುಡಿದಳು. ಆಮೇಲೆ ಕಪ್ಪಿನಲ್ಲಿದ್ದದ್ದನ್ನು ಬಸಿಗೆ ಸುರಿದುಕೊಂಡಳು.

“ಎಲ್ಲಿ ಚೆಲ್ಲೇತೋ ತಮ್ಮಾ?” ಎಂದಳು. “ಬಸ್ಯಾಗ ಕುಡಿಯೂದು, ಬಸ್ಯಾಗ ಬಿದ್ದೈತಿ.”

ನಮ್ಮ ಊರಿನಲ್ಲಿ ಚಹಾವನ್ನು ಕಪ್ಪಿನಿಂದ ಕುಡಿಯುವವರೇ ಕಡಿಮೆ. ಮಲ್ಲಣ್ಣನೂ ಬಸಿಗೆ ಸುರಿದುಕೊಂಡೇ ಕುಡಿಯುತ್ತಾನೆ, ನಾನೂ ಹಾಗೆಯೇ ಕುಡಿಯುತ್ತಿದ್ದೆ. ನಲವತ್ತು ವರ್ಷ ನಾನೇ ಕೈಯಾರೆ ಸುರಿದುಕೊಂಡದ್ದನ್ನು, ಆ ದಿನ ಕೈ ತಾನಾಗಿ ಸುರಿದಿತ್ತು. ಅಷ್ಟಕ್ಕೆ ಆರು ತಿಂಗಳು ಅಡುಗೆಮನೆಯ ಮೂಲೆ ಹಿಡಿದಿದ್ದೆ.

ಗಂಗಾವತಿಗೆ ಡಬ್ಬಿಯ ಬದಲು ಫೋನಿನಲ್ಲಿ ಕೌದಿಯ ಫೋಟೊ ಒಯ್ದೆ. ಡಾಕ್ಟರಮ್ಮ ಅದನ್ನು ದೊಡ್ಡದು ಮಾಡಿ ನೋಡಿದರು, ನನ್ನ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿದರು. ಬೆರಳು ಪೂರ್ತಿ ಮಡಚುತ್ತವೆ, ನಡುಕ ಇಷ್ಟು ಉಳಿಯಬಹುದು ಎಂದರು. ಕೌದಿ ಯಾರು ಹೊಲಿದರು, ತಮಗೂ ಒಂದು ಸಿಕ್ಕೀತೇ ಎಂದು ಕೇಳಿದರು.

ಮರುದಿನ ನಾಲ್ಕು ಗಂಟೆಗೆ ಮಲ್ಲಣ್ಣನ ಅಂಗಡಿಗೆ ಹೋದೆ. ಅವನೂ ಸೇರಿ ನಾಲ್ಕು ಮಂದಿ ಇದ್ದರು. ಅವನು ನನ್ನನ್ನು ನೋಡಿ, ಒಳಗೆ ಮುಖ ಮಾಡಿ, “ಚಹಾ ಐದು ಕಳಸ್ರಿ,” ಎಂದು ಕೂಗಿದ. ಚಹಾ ಬಂತು. ನಾನು ಬಸಿ ಹಿಡಿದೆ. ಕಪ್ಪು ಕುಣಿಯಿತು, ಮಾತು ನಿಂತಿತು. ಸ್ವಲ್ಪ ಚಹಾ ಬಸಿಗೆ ಬಿತ್ತು. ಉಳಿದದ್ದನ್ನು ಅದರ ಮೇಲೆ ಸುರಿದುಕೊಂಡು, ಊದಿ, ಎಲ್ಲರಿಗೂ ಕೇಳುವ ಹಾಗೆ ಸದ್ದು ಮಾಡಿ ಕುಡಿದೆ.